ಮುಚ್ಚಳದ ಮೇಲೊಂದು ಕೊಸರು

ಅನ್ನದ ತಟ್ಟೆ ನೆಲಕ್ಕಿಟ್ಟ ಸದ್ದಿಗೆ ಕಾಜು ಏಳಲಿಲ್ಲ. ರಮಾಮಣಿ ತಟ್ಟೆಯನ್ನು ಎತ್ತಿ ಇನ್ನೊಮ್ಮೆ, ಈ ಸಲ ಬೇಕೆಂದೇ ಜೋರಾಗಿ, ಬಾಲ್ಕನಿಯ ನೆಲಕ್ಕೆ ಕುಕ್ಕಿದಳು. ಮಜ್ಜಿಗೆ ಅನ್ನದ ನಾಲ್ಕು ಅಗುಳು ಹಾರಿ ನಾಯಿಯ ಮೂತಿಗೆ ಬಿದ್ದವು. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಅದು ತಟ್ಟೆಯನ್ನು ನೆಕ್ಕಿ ನೆಕ್ಕಿ ಮೂಲೆಯವರೆಗೆ ತಳ್ಳಿಕೊಂಡು ಹೋಗಿರುತ್ತಿತ್ತು. ಇವತ್ತು ಅರ್ಧ ಕಣ್ಣು ತೆರೆದು, ಗುರುತು ಸಿಗದವರನ್ನು ನೋಡುವಂತೆ ಅವಳನ್ನು ನೋಡಿ, ಮತ್ತೆ ಮುಚ್ಚಿಕೊಂಡಿತು. ಬಾಯಿಯ ಕೊನೆಯಿಂದ ಜೊಲ್ಲು ಇಳಿಯುತ್ತಲೇ ಇತ್ತು.

"ಇದೆಂತ ಹೊಸ ನಾಟಕ," ಎಂದಳು ರಮಾಮಣಿ.

ಗಂಟೆ ಹನ್ನೆರಡೂವರೆ. ಔಷಧಿ ಹಚ್ಚಿದ್ದು ಒಂಬತ್ತಕ್ಕೆ. ಹನ್ನೊಂದಕ್ಕೆ ನಾಯಿ ಕುಡಿದವರ ಹಾಗೆ ಹಿಂಗಾಲು ಎಳೆದುಕೊಂಡು ನಡೆದದ್ದನ್ನು ಅವಳು ನೋಡಿದ್ದಳು. ನೋಡಿಯೂ ಒಳಗೆ ಹೋಗಿ ಕಡಲೆ ಉಸ್ಲಿಗೆ ಒಗ್ಗರಣೆ ಹಾಕಿದ್ದಳು. ಸಂಜೆ ನಾಲ್ಕಕ್ಕೆ ಭಜನೆಯವರು ಬರುವವರಿದ್ದರು.

ಈ ಭಜನೆಯೇ ಎಲ್ಲದಕ್ಕೂ ಕಾರಣ ಎಂದರೆ ದೇವರ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಕಾರಣ ರಮಾಮಣಿಯ ಮೂಗಿನ ತುದಿಯ ಸಿಟ್ಟು. ಡೊಂಬಿವಲಿ ಪೂರ್ವದಲ್ಲಿರುವ ಉಡುಪಿ ಕಡೆಯ ಹತ್ತು ಹನ್ನೆರಡು ಹೆಂಗಸರು ಶುಕ್ರವಾರಕ್ಕೊಂದು ಮನೆಯಂತೆ ಸೇರಿ ಭಜನೆ ಮಾಡುವುದು ವರ್ಷಗಳಿಂದ ನಡೆದು ಬಂದದ್ದು. ಮೂರು ತಿಂಗಳ ಹಿಂದೆ ರಮಾಮಣಿಯ ಮನೆಯ ಸರದಿಯಲ್ಲಿ, ಸರಿಯಾಗಿ ಮಂಗಳಾರತಿಯ ಹೊತ್ತಿಗೆ, ಜಲಜಾಕ್ಷಿಯ ಹಾಲುಬಿಳಿ ಸೀರೆಯ ಮೇಲೆ ನಾಯಿಯ ರಕ್ತ ಕುಡಿದು ಕಡಲೆಬೇಳೆ ಗಾತ್ರಕ್ಕೆ ಊದಿದ ಉಣುಗೊಂದು ಹತ್ತಿ ಹೋಗುತ್ತಿತ್ತು. ಜಲಜಾಕ್ಷಿ ಕಿರುಚಲಿಲ್ಲ. ಕಿರುಚಿದ್ದರೆ ಒಳ್ಳೆಯದಿತ್ತು. ಭಜನೆ ಪುಸ್ತಕದ ಮೂಲೆಯಿಂದ ಅದನ್ನು ಕೆಡವಿ, "ಪರವಾಗಿಲ್ಲ ಅಕ್ಕ, ನಾಯಿ ಇರುವ ಮನೆ ಅಲ್ವಾ," ಎಂದು ನಕ್ಕಳು. ಆಮೇಲೆ ಸರದಿ ಬಂದಾಗ, "ನಿಮಗೆ ಯಾಕೆ ಅಕ್ಕ ತೊಂದರೆ, ಈ ಸಲವೂ ನಮ್ಮಲ್ಲೇ ಆಗಲಿ," ಎಂದಳು. ಆ ಮಾತು ರಮಾಮಣಿಗೆ ನಾಲ್ಕು ದಿನ ಅನ್ನ ಸೇರದಂತೆ ಮಾಡಿತು. ಹಠ ಹಿಡಿದು ಈ ಶುಕ್ರವಾರವನ್ನು ತನ್ನ ಮನೆಗೆ ತಂದುಕೊಂಡಿದ್ದಳು.

ನಾಯಿ ಅವಳದ್ದಲ್ಲ, ಮಗಳದ್ದು. ಘಣಸೋಲಿಯ ಆಫೀಸಿನಿಂದ ಬರುವಾಗ ಎರಡು ವರ್ಷದ ಹಿಂದೆ ಶ್ರೀಲಕ್ಷ್ಮಿ ಠಾಣೆ ಸ್ಟೇಷನ್ನಿನ ಮೆಟ್ಟಿಲ ಕೆಳಗಿಂದ ಅದನ್ನು ದುಪಟ್ಟದಲ್ಲಿ ಸುತ್ತಿ ತಂದಿದ್ದಳು. ಗೋಡಂಬಿ ಬಣ್ಣ ಎಂದು ಕಾಜು ಎಂಬ ಹೆಸರು. ಮೂರು ದಿನ ತಾಯಿ ಮಗಳು ಮಾತು ಬಿಟ್ಟರು. ಕೊನೆಗೆ ರಮಾಮಣಿಯ ಗಂಡ ಪುಂಡರೀಕಾಕ್ಷ, ಅಂಬರನಾಥದ ಕಾರ್ಖಾನೆಗಳ ನಡುವೆ ಸಸ್ಯಾಹಾರಿ ಹೋಟೆಲು ನಡೆಸುತ್ತ ಎಂತೆಂಥ ಜಗಳ ಬಿಡಿಸಿದವರು, ಒಂದು ಒಪ್ಪಂದ ಮಾಡಿಸಿದರು. ನಾಯಿ ಬಾಲ್ಕನಿಯಲ್ಲಿ, ಮಗಳ ಕೋಣೆಯಲ್ಲಿ ಮಾತ್ರ ಇರಬೇಕು. ರಮಾಮಣಿ ಅನ್ನ ಹಾಕುತ್ತಾಳೆ, ಮುಟ್ಟುವುದಿಲ್ಲ. ಅವಳ ಮಡಿಗೆ ಅಡ್ಡಿಯಾಗಬಾರದು. ರಮಾಮಣಿ ಮಾತಿಗೆ ತಪ್ಪಲಿಲ್ಲ. ಎರಡು ವರ್ಷದಲ್ಲಿ ಒಂದು ಸಲವೂ ಅದರ ಮೈ ಮುಟ್ಟಲಿಲ್ಲ. ಹಾಗೆಂದು ಸುಮ್ಮನೆಯೂ ಇರಲಿಲ್ಲ. "ಹಾಳಾಗಿ ಹೋಗ್ಲಿ ಈ ನಾಯಿ" ಎಂಬುದನ್ನು ದಿನಕ್ಕೆ ನಾಲ್ಕು ಸಲವಾದರೂ ಹೇಳದೆ ಅವಳಿಗೆ ತಿಂದದ್ದು ಕರಗುತ್ತಿರಲಿಲ್ಲ.

ಉಣುಗಿಗೆಂದು ಮಳೆಗಾಲದಲ್ಲಿ ನಾಯಿಡಾಕ್ಟರು ಎರಡು ಗುಳಿಗೆ ಕೊಟ್ಟಿದ್ದಳು. ಬೇರೆ ನಾಯಿಗಳಿಗೆ ಒಗ್ಗುವ ಗುಳಿಗೆಯೇ. ಕಾಜುವಿಗೆ ಒಗ್ಗಲಿಲ್ಲ. ಮೂರು ಸಲ ವಾಂತಿ ಮಾಡಿ, ಕಾಲು ಗಡಗಡ ನಡುಗಿಸಿ, ಮಾರನೆಯ ದಿನವಷ್ಟೇ ಸುಧಾರಿಸಿತು. ನೂರರಲ್ಲಿ ಒಂದೆರಡು ನಾಯಿಗೆ ಹೀಗಾಗುತ್ತದೆ, ಇನ್ನು ಇದಕ್ಕೆ ಗುಳಿಗೆ ಬೇಡ, ಕೈಯಲ್ಲೇ ಹೆಕ್ಕಿ ತೆಗೆಯಿರಿ ಎಂದಳು ಡಾಕ್ಟರು. ಅಂದಿನಿಂದ ಶ್ರೀಲಕ್ಷ್ಮಿ ಆಫೀಸಿನಿಂದ ಬಂದವಳೇ ಚಿಮಟ ಹಿಡಿದು ಕೂರುತ್ತಿದ್ದಳು. ಹೆಕ್ಕಿದ್ದನ್ನು ಸೋಪಿನ ನೀರಿಗೆ ಹಾಕುತ್ತಿದ್ದಳು. "ಅಮ್ಮ, ಇಸ್ಕೋ ದವಾ ಸೂಟ್ ನಹೀಂ ಹೋತೀ. ನೀನು ಏನೂ ಹಾಕ್ಬೇಡ, ಪ್ಲೀಸ್," ಎಂದು ಬೆರಳು ತೋರಿಸಿ ಹೇಳಿದ್ದಳು.

ರಮಾಮಣಿಯ ಲೆಕ್ಕಾಚಾರ ಬೇರೆಯಿತ್ತು. ಹೊಟ್ಟೆಗೆ ಹೋದ ಗುಳಿಗೆ ಆಗಿಬರಲಿಲ್ಲ, ಸರಿ. ಮೈಮೇಲೆ ಹಚ್ಚಿದ್ದು ಹೊಟ್ಟೆಗೆ ಹೇಗೆ ಹೋಗುತ್ತದೆ? ಊರಿನಲ್ಲಿ, ಹಿರಿಯಡ್ಕದ ಹತ್ತಿರ, ಅವಳ ತಮ್ಮ ಲಕ್ಷ್ಮೀಕಾಂತ ನಾಲ್ಕು ದನ ಸಾಕಿದ್ದಾನೆ. ದನದ ಉಣುಗಿಗೆ ಅವನಲ್ಲಿ ಔಷಧಿಯಿದೆ, ಒಂದು ಸಲ ತೊಳೆದರೆ ತಿಂಗಳು ಉಣುಗಿನ ಸುದ್ದಿಯಿಲ್ಲ. ಮೇ ತಿಂಗಳಲ್ಲಿ ಉಪನಯನಕ್ಕೆ ಹೋದಾಗ ಅವಳು ಕೇಳಿ, ಕೆಮ್ಮಿನ ಸಿರಪ್ಪಿನ ಹಳೆಯ ಬಾಟಲಿಗೆ ಒಂದಿಷ್ಟು ಹೊಯ್ಯಿಸಿಕೊಂಡು, ಹಲಸಿನ ಹಪ್ಪಳದ ಡಬ್ಬಿಯ ಜೊತೆ ರೈಲಿನಲ್ಲಿ ತಂದಿದ್ದಳು. ಒಂದು ಬಾಲ್ದಿ ನೀರಿಗೆ ಒಂದು ಮುಚ್ಚಳ ಎಂದಿದ್ದ ತಮ್ಮ. ಇನ್ನೂ ಏನೋ ಹೇಳಿದ್ದ. ಅದನ್ನು ಅವಳು ಬಾಟಲಿ ತೆಗೆಯುವಾಗ ನೆನಪು ಮಾಡಿಕೊಳ್ಳಲು ಹೋಗಲಿಲ್ಲ.

ಬೆಳಿಗ್ಗೆ ಮಗಳು ಹೊರಟ ಮೇಲೆ ಕೆಲಸ ಶುರುವಾಯಿತು. ಮುಟ್ಟದೆ ಬಾಲ್ದಿ ನೀರಲ್ಲಿ ನಾಯಿಯನ್ನು ತೋಯಿಸುವುದು ಹೇಗೆ? ನೀರಾದರೆ ಜಾರಿ ಹೋಗುತ್ತದೆ, ಎಣ್ಣೆಯಾದರೆ ಮೈಯಲ್ಲಿ ನಿಲ್ಲುತ್ತದೆ ಎಂದು ಅವಳಿಗೆ ಹೊಳೆಯಿತು. ಒಂದು ಗಿಂಡಿ ತೆಂಗಿನೆಣ್ಣೆಗೆ ಒಂದು ಮುಚ್ಚಳ ಔಷಧಿ ಹಾಕಿದಳು. ಹಾಕಿದವಳು ಬಾಟಲಿ ಮುಚ್ಚುವ ಮೊದಲು ಮೇಲಿಂದ ಇನ್ನೊಂದಿಷ್ಟು ಬಗ್ಗಿಸಿದಳು, ಕೊಸರು. ಮೂವತ್ತು ವರ್ಷ ಹೋಟೆಲಿಗೆ ಸಾರಿನಪುಡಿ, ಸಾಂಬಾರುಪುಡಿ ಮಾಡಿ ಕಳಿಸಿದ ಕೈ ಅದು. ಸೇರಿನ ಮೇಲೆ ಒಂದು ಮುಷ್ಟಿ, ಚಮಚದ ಮೇಲೆ ಒಂದು ಚಿಟಿಕೆ. ಅಳತೆಗೇ ನಿಲ್ಲುವ ಕೈ ದರಿದ್ರದ ಕೈ ಎಂದು ಅವಳ ಅತ್ತೆ ಹೇಳುತ್ತಿದ್ದರು. ಮತ್ತೆ ತೆಂಗಿನ ನಾರನ್ನು ಕೋಲಿನ ತುದಿಗೆ ಕಟ್ಟಿ, ಕಾವಲಿಗೆ ಎಣ್ಣೆ ಸವರುವಂತೆ, ದೂರ ನಿಂತೇ ಕಾಜುವಿನ ಕುತ್ತಿಗೆಯಿಂದ ಬಾಲದವರೆಗೆ ಸವರಿದಳು. ನಾಯಿ ಆಟವೆಂದುಕೊಂಡು ಕೋಲನ್ನು ಕಚ್ಚಲು ನೋಡಿತು, ಎಣ್ಣೆ ಹತ್ತಿದ ಕಾಲನ್ನು ನೆಕ್ಕಿಕೊಂಡಿತು.

ಈಗ ಅದು ಏಳುತ್ತಿಲ್ಲ. ರಮಾಮಣಿ ಗಂಡನಿಗೆ ಫೋನ್ ಮಾಡಿದಳು. ಹೋಟೆಲಿನಲ್ಲಿ ಊಟದ ಹೊತ್ತು, ಎತ್ತಲಿಲ್ಲ. ಮಗಳು ಮೊದಲ ರಿಂಗಿಗೇ ಎತ್ತಿದಳು.

"ಉಸಿರು ತಗೊಳ್ತಾ ಇದೆಯಾ ಅಮ್ಮ? ಪೇಟ್ ಹಿಲ್ ರಹಾ ಹೈ ಕ್ಯಾ?"

"ಉಂಟು. ನಿಧಾನ ಉಂಟು."

"ಡಾಕ್ಟರ್ ಪೂಜಿತಾ ಹತ್ರ ತಗೊಂಡು ಹೋಗು. ಅಭೀ! ರಿಕ್ಷಾ ಪಕಡ್. ನಾನು ಹೊರಟೆ." ಮಗಳು ಮತ್ತೆ ಕೇಳಿದಳು. "ಅಮ್ಮ, ತೂನೇ ಕುಛ್ ಲಗಾಯಾ ತೋ ನಹೀಂ?"

"ನಾನೆಂತ ಹಾಕ್ಲಿಕ್ಕುಂಟು ಅದಕ್ಕೆ!"

ಫೋನ್ ಇಟ್ಟ ಮೇಲೆ ಆ ಮಾತು ಅವಳ ಬಾಯಲ್ಲೇ ಉಳಿದು ಕಹಿಯಾಯಿತು. ಬಾಲ್ಕನಿಗೆ ಬಂದು ನಾಯಿಯ ಮುಂದೆ ಕುಕ್ಕುರು ಕೂತಳು. ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಉಟ್ಟ ಮಡಿಸೀರೆ, ಹಣೆಯಲ್ಲಿ ಕುಂಕುಮ, ಅಡುಗೆಮನೆಯಲ್ಲಿ ನೈವೇದ್ಯಕ್ಕಿಟ್ಟ ಪಾಯಸ. ಎಲ್ಲಿ ಹಿಡಿಯಬೇಕೆಂದೂ ಅವಳಿಗೆ ತಿಳಿಯಲಿಲ್ಲ. ಕಡೆಗೆ ಕುತ್ತಿಗೆಯ ಕೆಳಗೊಂದು ಕೈ, ಹೊಟ್ಟೆಯ ಕೆಳಗೊಂದು ಕೈ ಹಾಕಿ ಎತ್ತಿದಳು. ಬೆಚ್ಚಗಿರಬಹುದು ಎಂದುಕೊಂಡಿದ್ದ ಮೈ ತಣ್ಣಗಿತ್ತು. ಅದು ಅವಳಿಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿತು.

ಲಿಫ್ಟಿಲ್ಲದ ಕಟ್ಟಡ, ಮೂರು ಮಹಡಿ. ಹದಿನಾಲ್ಕು ಕಿಲೋ ನಾಯಿ, ಐವತ್ತೆಂಟರ ಮೊಣಕಾಲು. ಇಳಿಯುವಾಗ ಎರಡನೆಯ ಮಹಡಿಯ ಮರಾಠಿ ಹೆಂಗಸು ಬಾಗಿಲು ತೆರೆದವಳು ಬಾಯಿ ಮುಚ್ಚಲು ಮರೆತಳು. ರಿಕ್ಷಾದವನು, "ಮೌಸೀ, ಸೀಟ್ ಖರಾಬ್ ಕರೇಗಾ," ಎಂದ. "ಗೋದ್ ಮೇ ಲೇಕೇ ಬೈಠತೀ ಹೂಂ, ಚಲೋ," ಎಂದು ಗದರಿಸಿ ನಾಯಿಯನ್ನು ತೊಡೆಯ ಮೇಲೆ ಹಾಕಿಕೊಂಡಳು. ಮಾನಪಾಡಾ ರಸ್ತೆಯ ಹೊಂಡಗಳಲ್ಲಿ ರಿಕ್ಷಾ ಎಗರಿದಾಗಲೆಲ್ಲ ಅದರ ತಲೆ ಅವಳ ಮೊಣಕೈಗೆ ಬಡಿಯುತ್ತಿತ್ತು. ಅವಳು ಅಂಗೈ ಅಡ್ಡ ಹಿಡಿದಳು. ಸೀರೆಯ ತುಂಬ ಎಣ್ಣೆ, ಜೊಲ್ಲು, ಔಷಧಿಯ ಘಾಟು ವಾಸನೆ.

ಡಾಕ್ಟರ್ ಪೂಜಿತಾ ಧಾರವಾಡದ ಕಡೆಯವಳು, ಮದುವೆಯಾಗಿ ಡೊಂಬಿವಲಿಗೆ ಬಂದವಳು. ಸ್ಟೀಲ್ ಮೇಜಿನ ಮೇಲೆ ನಾಯಿಯನ್ನು ಮಲಗಿಸಿ ಕಣ್ಣುರೆಪ್ಪೆ ಎತ್ತಿ ನೋಡಿದಳು, ಎದೆಗೆ ಕೊಳವೆ ಇಟ್ಟು ಕೇಳಿದಳು.

"ಇದರ ಎದಿ ಬಡಿತ ಭಾಳ ಕಮ್ಮಿ ಆಗೇದ. ಮೈ ಥಂಡಿ ಹೊಡದದ. ಏನ್ ತಿಂದದ್ರಿ ಮುಂಜಾನೆ?"

"ದೋಸೆ. ಒಂದೇ ಒಂದು."

"ಮೈಯೆಲ್ಲ ಎಣ್ಣಿ ಎಣ್ಣಿ ಅದಲ್ರಿ?"

"ತೆಂಗಿನೆಣ್ಣೆ," ಎಂದಳು ರಮಾಮಣಿ. "ಚರ್ಮ ಒಣಗಿತ್ತು, ಹಾಗೆ ಹಚ್ಚಿದ್ದು."

ಸುಳ್ಳಲ್ಲ. ಗಿಂಡಿಯಲ್ಲಿ ಹೆಚ್ಚು ಇದ್ದದ್ದು ತೆಂಗಿನೆಣ್ಣೆಯೇ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳುವಾಗ ನಾಯಿಯ ಹಿಂಗಾಲು ಒಮ್ಮೆ ಅದುರಿತು. ಡಾಕ್ಟರ್ ಅದನ್ನು ಗಮನಿಸಿದಳು.

"ಹೋದ ಸಲ ಹಿಂಗ ನಡುಗಿತ್ತು. ಆ ಗುಳಿಗಿ ಒಂದು ಇನ್ನೂ ನಿಮ್ಮ ಮನ್ಯಾಗ ಉಳದಿತ್ತು. ಶ್ರೀಲಕ್ಷ್ಮಿ ತಡೀಲಾರದ ಮತ್ತ ಕೊಟ್ಟಳೋ ಏನೋ."

ರಮಾಮಣಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ತಪ್ಪು ತನ್ನಷ್ಟಕ್ಕೆ ತಾನೇ ಮಗಳ ತಲೆಗೆ ಹೋಗಿ ಕೂರುವುದನ್ನು ನೋಡುತ್ತ ನಿಂತಳು. ಇಷ್ಟು ಸುಲಭವೇ ಎಂದು ಅವಳಿಗೇ ಆಶ್ಚರ್ಯವಾಯಿತು. ಡಾಕ್ಟರ್ ಕಪಾಟಿನಿಂದ ಸಣ್ಣ ಶೀಷೆ ತೆಗೆದು ಸಿರಿಂಜಿಗೆ ಏರಿಸತೊಡಗಿದಳು. ಅರ್ಧ ಏರಿಸಿ ತಿರುಗಿದಳು.

"ನೋಡ್ರಿ ಅಮ್ಮಾ, ಗುಳಿಗಿದ ಆಗಿದ್ರ ಈ ಇಂಜೆಕ್ಷನ್ ನಡುಕ ನಿಲ್ಲಸ್ತದ. ಬ್ಯಾರೆ ಏನರ ಮೈಯಾಗ ಹೋಗಿದ್ರ, ಇದನ್ನ ಕೊಟ್ಟ ಮ್ಯಾಲೆ ಉಸಿರ ನಿಲ್ಲಬಹುದು. ಅದಕ್ಕ ಕೇಳ್ಲಿಕ್ಕತ್ತೀನಿ. ಖರೇ ಹೇಳ್ರಿ, ನಾ ಏನೂ ಅನ್ನೂದಿಲ್ಲ."

ಗೋಡೆಯ ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಹೇಳಿದರೆ ಮಗಳು ಏನೆಂದುಕೊಳ್ಳುತ್ತಾಳೆ? ಅಳತೆ ತಪ್ಪಿತು ಎಂದುಕೊಳ್ಳುತ್ತಾಳೆಯೇ? ಇಲ್ಲ. ಅಮ್ಮ ಕಡೆಗೂ ನಾಯಿಯನ್ನು ಮುಗಿಸಿದಳು ಎಂದೇ ಅನ್ನುತ್ತಾಳೆ. ಹಾಳಾಗಿ ಹೋಗಲಿ ಎಂದು ದಿನಕ್ಕೆ ನಾಲ್ಕು ಸಲ ಹೇಳಿದ ಬಾಯಿ ಇನ್ನು ಏನು ಹೇಳಿದರೂ ನಂಬುವವರಾರು? ಬೆಳಿಗ್ಗೆ ಬಾಟಲಿ ಬಗ್ಗಿಸಿದ ಕೈಯಲ್ಲಿ ಬರೀ ಕೊಸರಿನ ಅಭ್ಯಾಸವಿತ್ತೇ, ಅಥವಾ ಆ ಸೀರೆಯ ಮೇಲಿನ ಉಣುಗಿನ ಸಿಟ್ಟೂ ಇತ್ತೇ ಎಂದು ಯಾರಾದರೂ ಕೇಳಿದರೆ ಆಣೆ ಮಾಡಿ ಹೇಳಲು ಅವಳಿಗೂ ಧೈರ್ಯವಿರಲಿಲ್ಲ.

ಡಾಕ್ಟರ್ ನಾಯಿಯ ಮುಂಗಾಲು ಹಿಡಿದಳು.

"ಬೇಡ, ಬೇಡ!" ರಮಾಮಣಿ ಅವಳ ಕೈಯನ್ನೇ ಹಿಡಿದುಬಿಟ್ಟಳು. "ಗುಳಿಗೆ ಅಲ್ಲ. ದನದ ಔಷಧಿ. ಉಣುಗಿನದ್ದು. ಎಣ್ಣೆಯಲ್ಲಿ ಹಾಕಿ ನಾನೇ ಹಚ್ಚಿದ್ದು."

"ಹೆಸರೇನ್ರಿ ಅದರದು?"

"ಹೆಸರಿಲ್ಲ. ತಮ್ಮ ಬೇರೆ ಬಾಟ್ಲಿಗೆ ಹಾಕಿ ಕೊಟ್ಟದ್ದು."

"ಹೆಸರು ಬೇಕ್ರೀ. ಹೆಸರಿಲ್ದ ಮದ್ದು ಕೊಡ್ಲಿಕ್ಕೆ ಬರೂದಿಲ್ಲ. ಈಗ ಫೋನ್ ಹಚ್ರಿ ಅವರಿಗೆ."

ಎಣ್ಣೆಗೈಯಲ್ಲಿ ಫೋನಿನ ಪರದೆ ಸ್ಪರ್ಶ ಹಿಡಿಯಲೇ ಇಲ್ಲ. ಡಾಕ್ಟರೇ ಒರೆಸಿ, ನಂಬರು ಒತ್ತಿ, ಸ್ಪೀಕರಿಗೆ ಹಾಕಿದಳು. ಆ ಕಡೆ ಯಾವುದೋ ದನ ಅಂಬಾ ಎಂದಿತು.

"ಎಂತ ಅಕ್ಕಾ, ಈ ಹೊತ್ತಿಗೆ?"

"ಲಕ್ಷ್ಮೀಕಾಂತ, ನೀನು ಕೊಟ್ಟ ಉಣುಗಿನ ಔಷಧಿ ಉಂಟಲ್ಲ, ಅದರ ದೊಡ್ಡ ಬಾಟ್ಲಿಯಲ್ಲಿ ಹೆಸರು ಎಂತ ಉಂಟು, ಓದು. ಬೇಗ."

ಅವನು ಹಟ್ಟಿಯ ಮಾಡಿನಿಂದ ಬಾಟಲಿ ಇಳಿಸಿ, ಕನ್ನಡಕ ಹುಡುಕಿ, ಇಂಗ್ಲಿಷಿನ ಒಂದೊಂದೇ ಅಕ್ಷರ ಹೇಳುವುದಕ್ಕೆ ಒಂದು ಯುಗ ಹಿಡಿಯಿತು. ನಾಲ್ಕನೆಯ ಅಕ್ಷರಕ್ಕೇ ಡಾಕ್ಟರ್, "ಅಮಿಟ್ರಾಜ್," ಎಂದು ಸಿರಿಂಜನ್ನು ಪಕ್ಕಕ್ಕಿಟ್ಟಳು. ಲಕ್ಷ್ಮೀಕಾಂತನ ದನಿ ಏರಿತು.

"ಅಕ್ಕಾ, ನಾಯಿಗೆ ಹಾಕಿದ್ಯಾ? ನೆಲ ಒರಸ್ಲಿಕ್ಕೆ ಮಾತ್ರ, ನಾಯಿಗೆ ಹಾಕ್ಬೇಡ ಅಂತ ಎರಡೆರಡು ಸಲ ಹೇಳಿದ್ದೆ ಅಲ್ವಾ ಮಾರಾಯ್ತಿ! ಹೂಂ ಹೂಂ ಅಂದಿದ್ದೆ ನೀನು!"

"ಹೌದು," ಎಂದಳು ರಮಾಮಣಿ. "ನೀನು ಹೇಳಿದ್ದೆ." ಡಾಕ್ಟರಿನ ಮುಖ ನೋಡಲಿಲ್ಲ.

ಅಲ್ಲಿಂದ ಮುಂದೆ ಎಲ್ಲವೂ ಓಟ. ಈ ವಿಷ ಇಳಿಸುವ ಇಂಜೆಕ್ಷನ್ ಪೂಜಿತಾಳಲ್ಲಿರಲಿಲ್ಲ, ಕಲ್ಯಾಣದ ಒಬ್ಬ ಗೆಳತಿಯ ಕ್ಲಿನಿಕ್ಕಿನಲ್ಲಿತ್ತು. ಸಹಾಯಕ ದೇವದಾಸ್ ಬೈಕು ಹತ್ತಿ ಹೊರಟ. ಅವನು ಬರುವಷ್ಟರಲ್ಲಿ ಮೈಮೇಲಿನ ಎಣ್ಣೆ ಹೋಗಬೇಕಿತ್ತು. ಡಾಕ್ಟರ್ ಕೊಟ್ಟ ಕೈಗವಸು ತೊಟ್ಟು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ರಮಾಮಣಿ ಉಗುರುಬೆಚ್ಚಗಿನ ನೀರು, ಸೋಪು ಹಾಕಿ ತಿಕ್ಕಿದಳು. ಕುತ್ತಿಗೆಯ ಮಡಿಕೆ, ಕಿವಿಯ ಹಿಂದೆ, ಕಾಲಿನ ಬೆರಳ ಸಂದು. ಮೂರು ಸಲ ತೊಳೆದರು. ಕಿವಿಯ ಹಿಂದಿನಿಂದ ಸತ್ತ ಉಣುಗುಗಳು ಒಂದೊಂದಾಗಿ ನೀರಿಗೆ ಉದುರಿದವು. ಔಷಧಿ ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು. ಆಮೇಲೆ ಟವೆಲು, ಬಿಸಿನೀರಿನ ಬಾಟಲಿಗಳು, ಕಾಲಿಗೆ ಸಲೈನು.

ಎರಡೂವರೆಗೆ ದೇವದಾಸ್ ಬಂದ. ಇಂಜೆಕ್ಷನ್ ಹೋಯಿತು. ಆಗಲೇ ಶ್ರೀಲಕ್ಷ್ಮಿಯೂ ಬಾಗಿಲು ತಳ್ಳಿಕೊಂಡು ಬಂದಳು. ಠಾಣೆಯಲ್ಲಿ ರೈಲು ಬದಲಿಸಿ, ಸ್ಟೇಷನ್ನಿನಿಂದ ಓಡಿ, ಕೂದಲೆಲ್ಲ ಬೆವರಿಗೆ ಅಂಟಿತ್ತು. ಮೇಜಿನ ಮೇಲೆ ಮಲಗಿದ್ದನ್ನು ನೋಡಿದವಳೇ ಅದರ ತಲೆಯ ಬಳಿ ಬಗ್ಗಿದಳು. ಡಾಕ್ಟರ್ ರಮಾಮಣಿಯ ಕಡೆ ಒಮ್ಮೆ ನೋಡಿ, "ಉಣ್ಣಿ ಮದ್ದಿನ ರಿಯಾಕ್ಷನ್. ಕೆಲವು ನಾಯಿಗೆ ಹಿಂಗ ಆಗ್ತದ," ಎಂದಷ್ಟೇ ಹೇಳಿ ಕೈ ತೊಳೆಯಲು ತಿರುಗಿದಳು. ಸುಳ್ಳಿಗೆ ಅವಳು ಬಾಗಿಲು ತೆರೆದಿಟ್ಟು ಹೋದ ಹಾಗಿತ್ತು.

"ಯಾವ ಮದ್ದು? ಕೌನ್ಸೀ ದವಾ? ನಾನು ಏನೂ ಕೊಟ್ಟಿಲ್ಲ," ಎಂದಳು ಶ್ರೀಲಕ್ಷ್ಮಿ.

"ನಾನು ಹಚ್ಚಿದ್ದು," ಎಂದಳು ರಮಾಮಣಿ. "ಮಾಮನ ಮನೆಯ ದನದ ಔಷಧಿ. ಮಾಮ ಬೇಡ ಅಂದಿದ್ದ. ನೀನೂ ಬೇಡ ಅಂದಿದ್ದೆ. ಫೋನಲ್ಲಿ ನೀನು ಕೇಳಿದಾಗ ಸುಳ್ಳು ಹೇಳಿದೆ. ಇಲ್ಲಿ ಡಾಕ್ಟರಿಗೂ ಮೊದಲು ಸುಳ್ಳೇ ಹೇಳಿದ್ದು."

ಮಗಳು ಟವೆಲನ್ನು ನಾಯಿಯ ಕುತ್ತಿಗೆಯವರೆಗೆ ಎಳೆದು ಹೊದಿಸಿದಳು. ಬೈದಿದ್ದರೆ, ಕೂಗಾಡಿದ್ದರೆ ರಮಾಮಣಿಗೆ ಅಭ್ಯಾಸವಿತ್ತು, ಅವಳೂ ನಾಲ್ಕು ಮಾತು ಎಸೆಯುತ್ತಿದ್ದಳು.

"ಬಾಹರ್ ಬೈಠ್," ಎಂದಳು ಶ್ರೀಲಕ್ಷ್ಮಿ.

ಹೊರಗಿನ ಬೆಂಚಿನ ಮೇಲೆ ರಮಾಮಣಿ ಒದ್ದೆ ಸೀರೆಯಲ್ಲಿ ಕೂತಳು. ಎದ್ದಳು, ಬಾಗಿಲ ಗಾಜಿನಲ್ಲಿ ಇಣುಕಿದಳು, ಕೂತಳು, ಮತ್ತೆ ಎದ್ದಳು. ದೇವರ ನಾಮ ಹೇಳಲು ನೋಡಿದರೆ ಎರಡನೆಯ ಸಾಲು ನೆನಪಿಗೆ ಬರಲಿಲ್ಲ. ಡಾಕ್ಟರ್ ಹದಿನೈದು ನಿಮಿಷದಲ್ಲಿ ಎಚ್ಚರವಾಗಬೇಕು ಎಂದಿದ್ದಳು. ಅರ್ಧ ಗಂಟೆಯಾಯಿತು. ಮುಕ್ಕಾಲಾಯಿತು. ಒಂದು ಗಂಟೆ ದಾಟಿತು. ಒಳಗೆ ಇನ್ನೊಂದು ಇಂಜೆಕ್ಷನ್ ಕೊಟ್ಟರು. ಮಗಳು "ಕಾಜು, ಕಾಜು ಬೇಟಾ" ಎಂದು ಕರೆಯುತ್ತಿದ್ದದ್ದು ಬಾಗಿಲಾಚೆಗೂ ಕೇಳುತ್ತಿತ್ತು. ಉತ್ತರವಾಗಿ ಏನೂ ಕೇಳುತ್ತಿರಲಿಲ್ಲ.

ಫೋನು ಹೊಡೆದುಕೊಂಡಿತು. ಜಲಜಾಕ್ಷಿ.

"ರಮಾಮಣಿಯಕ್ಕಾ, ನಾವೆಲ್ಲ ಬಂದು ನಿಂತಿದ್ದೇವೆ. ಬಾಗಿಲಿಗೆ ಬೀಗ ಉಂಟಲ್ಲ?"

"ಇವತ್ತು ಭಜನೆ ಇಲ್ಲ."

"ಯಾಕೆ? ಎಂತ ಆಯ್ತು? ಯಾರಿಗೆ ಹುಷಾರಿಲ್ಲ?"

"ನಾಯಿಗೆ," ಎಂದಳು ರಮಾಮಣಿ. ಆ ಕಡೆಯ ಮಾತಿಗೆ ಕಾಯದೆ ಫೋನ್ ಇಟ್ಟಳು.

ಬಾಗಿಲು ತೆರೆಯಿತು. ಶ್ರೀಲಕ್ಷ್ಮಿಯ ಕಣ್ಣು ಊದಿತ್ತು. ಅವಳು ತಾಯಿಯನ್ನು ನೋಡದೆ ಬಾಗಿಲ ಹಿಡಿಯನ್ನು ನೋಡುತ್ತ ಮಾತಾಡಿದಳು.

"ಡಾಕ್ಟರ್ ಬೋಲ್ ರಹೀ ಹೈ, ಗುರುತಿನ ದನಿ ಕೇಳ್ಬೇಕು ಅಂತ. ನಾನು ಕರೆದ್ರೆ ಏಳ್ತಾ ಇಲ್ಲ. ದಿನ್ ಭರ್ ನಿನ್ನ ಸಾಥ್ ತಾನೇ ಇರುತ್ತೆ." ಬಾಗಿಲನ್ನು ಇನ್ನಷ್ಟು ತೆರೆದು, "ನೀನು ಕರಿ," ಎಂದಳು.

ರಮಾಮಣಿ ಮೇಜಿನ ಬಳಿ ಹೋದಳು. ಟವೆಲಿನೊಳಗಿನಿಂದ ಮೂತಿ ಮಾತ್ರ ಕಾಣುತ್ತಿತ್ತು, ನಾಲಿಗೆಯ ತುದಿ ಹೊರಗಿತ್ತು. ಎರಡು ವರ್ಷದಲ್ಲಿ ಅವಳು ಅದನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಕಾಜು" ಎಂದು ನೋಡಿದಳು. ಅದು ಬೇರೆ ಯಾರದೋ ದನಿಯಂತೆ ಕೇಳಿತು. ನಾಯಿ ಅಲ್ಲಾಡಲಿಲ್ಲ. ಡಾಕ್ಟರ್ ಎದೆಗೆ ಕೊಳವೆ ಒತ್ತಿಕೊಂಡು ನಿಂತಿದ್ದಳು. ಶ್ರೀಲಕ್ಷ್ಮಿ ಬೆರಳು ಕಚ್ಚಿಕೊಂಡಿದ್ದಳು.

"ಹಚಾ!" ಎಂದಳು ರಮಾಮಣಿ.

ಎಲ್ಲರೂ ಬೆಚ್ಚಿದರು. ನಾಯಿಯನ್ನು ದಿನವೂ ಬಾಗಿಲಿಂದ ಅಟ್ಟುತ್ತಿದ್ದ ಆ ಗದರಿಕೆಯೊಂದೇ ಅವಳಿಗೆ ಗೊತ್ತಿದ್ದದ್ದು. "ಹಚಾ! ಒಳಗೆ ಬರ್ಬೇಡ! ಹೋಗು, ಹೋಗು ಆಚೆ, ಹಚಾ!"

ಟವೆಲಿನ ಅಂಚಿನಲ್ಲಿ ಒಂದು ಕಿವಿ ಎದ್ದಿತು. ಕಣ್ಣು ತೆರೆಯುವ ಮೊದಲೇ, ಟವೆಲಿನ ಕೆಳಗೆ, ಬಾಲ ಸ್ಟೀಲ್ ಮೇಜಿಗೆ ಮೆಲ್ಲಗೆ ಒಮ್ಮೆ ಬಡಿಯಿತು.

"ಔರ್ ಬೋಲ್ ಅಮ್ಮ," ಎಂದಳು ಮಗಳು. "ಬೋಲ್ತೀ ರಹ್."

"ಹಚಾ," ಎಂದಳು ರಮಾಮಣಿ. ಗದರಿಕೆ ಪಿಸುಮಾತಾಗಿ ಹೋಯಿತು. "ಹಚಾ... ಹಚಾ..." ಬಾಲ ಮತ್ತೆ ಬಡಿಯಿತು.